ಬಲ ಭುಜದಲ್ಲಿ ಎರಡು ತೂತು

ಗೋಣಿಕೊಪ್ಪದಲ್ಲಿ, ಮೆಣಸಿನ ಮಂಡಿಯ ಹಿಂದಿನ ಕೋಣೆಯಲ್ಲಿ
ನನ್ನ ಅಂಗಡಿ. ಬೋರ್ಡಿಲ್ಲ. ಬಾಗಿಲು ಫೋನಿನೊಳಗೆ.
ಸೀರೆಗೆ ಫಾಲ್ ಹಚ್ಚುತ್ತಿದ್ದ ಕೈ ಈಗ
ಯಾರೋ ಉಟ್ಟು ಬಿಟ್ಟದ್ದಕ್ಕೆ ಬೆಲೆ ಹಚ್ಚುತ್ತದೆ.

ಮಾರ್ಚ್. ಕಾಫಿ ಮೂಟೆ ಸೇರಿ ಕಣ ಖಾಲಿ.
ಸಾಹುಕಾರರು ಭಾನುವಾರ ಒಂದೆರಡು ತಾಸು
ಆ ಸಿಮೆಂಟಿನ ಬಯಲನ್ನು ನನಗೆ ಬಿಡುತ್ತಾರೆ.
ಬಿಸಿಲು ಪುಕ್ಕಟೆ. ಹರಡುತ್ತೇನೆ,
ಕಾಫಿ ಹರಡುವ ಹಾಗೆಯೇ, ಬರಿಗಾಲಲ್ಲಿ:
ಕಂಕುಳಿಂದ ಕಂಕುಳಿಗೆ ಹತ್ತೊಂಬತ್ತು ಇಂಚು,
ಉದ್ದ ಇಪ್ಪತ್ತಾರು, ಕೊರಳ ಹತ್ತಿರ ಬಣ್ಣ ಚೂರು ಮಾಸಿದೆ.
ಮಾಸಿದ್ದನ್ನು ಮುಚ್ಚುವುದಿಲ್ಲ, ಬೆರಳಿಟ್ಟು ತೋರಿಸಿ
ಫೋಟೋ ತೆಗೆಯುತ್ತೇನೆ.
ಹೊಸದು ಮಾರುವವರಿಗೆ ಈ ಕಷ್ಟವಿಲ್ಲ,
ಅವರ ಬಟ್ಟೆಗೆ ಇನ್ನೂ ಏನೂ ಆಗಿಲ್ಲ.

ಜೇಬುಗಳಲ್ಲಿ ಸಿಕ್ಕಿದ್ದು ಬರೆದಿಟ್ಟಿಲ್ಲ, ನೆನಪಿದೆ:
ಕುಟ್ಟದ ಬಸ್ಸಿನ ಚೀಟಿ, ಮೂರು ಕಾಳುಮೆಣಸು,
ಒಂದು ಹಾಲುಹಲ್ಲು, ಹತ್ತಿಯಲ್ಲಿ ಸುತ್ತಿದ್ದು.
ಹಲ್ಲಿಗಾಗಿ ಎರಡು ದಿನ ಫೋನ್ ಮಾಡಿದೆ.
ಆ ಕಡೆಯವರು ನಕ್ಕರು, "ಯಾರದೋ ಏನೋ, ಬಿಸಾಡು ಸಫೂರ."
ಬಿಸಾಡಲಿಲ್ಲ. ಗುಂಡಿಗಳ ಡಬ್ಬದಲ್ಲಿದೆ.
ಬಿಳಿ ಗುಂಡಿ ಹುಡುಕುವಾಗ ಅದೇ ಕೈಗೆ ಬರುತ್ತದೆ,
ಪ್ರತಿ ಸಲವೂ ಮೋಸ ಹೋಗುತ್ತೇನೆ.

ರಾತ್ರಿಯಾದರೆ ಗಿರಾಕಿಗಳು:
"ಲಾಸ್ಟ್ ಎಷ್ಟು?"
"ಸತ್ತವರದ್ದಲ್ಲ ತಾನೇ?"
"ಹಾಯ್." "ಹಾಯ್." "ಹಾಯ್."

ಚೋಂದಮ್ಮ ಜೀಪಿನಲ್ಲಿ ಬಂದದ್ದು ಮುಸ್ಸಂಜೆ,
ಕಾಫಿಯ ಗೋಣಿಯಲ್ಲೇ ಸೀರೆ ತುಂಬಿ.
"ಅಕ್ಕನದು," ಎಂದರು. ಅಷ್ಟೇ.
ಜೀಪು ಹತ್ತಿದವರು ಮತ್ತೆ ಇಳಿದು ಬಂದು, ಕಿಟಕಿಯಲ್ಲಿ:
"ಇಲ್ಲಿ ಮಾರಬೇಡ. ಬಸ್‌ಸ್ಟ್ಯಾಂಡಿನಲ್ಲಿ ಅದು
ಎದುರಿಗೆ ನಡೆದು ಬರುವುದು ನನಗೆ ಬೇಡ."
೫೭೧೨ ಎಂದು ಶುರುವಾಗುವ ಯಾವ ಪಿನ್‌ಕೋಡಿಗೂ
ಆ ಗೋಣಿಯಿಂದ ನಾನು ಏನೂ ಕಳಿಸಿಲ್ಲ.

ಹನ್ನೊಂದು ಸೀರೆ, ನುಸಿಗುಳಿಗೆಯ ವಾಸನೆ.
ಹನ್ನೊಂದರಲ್ಲೂ, ಬಲ ಭುಜಕ್ಕೆ ಬರುವ ಕಡೆ, ಎರಡು ತೂತು.
ಒಂದೇ ಪಿನ್ನು, ಒಂದೇ ಕೈ,
ಅಳೆದ ಹಾಗೆ ಒಂದೇ ಅಂತರ.

ಸಿಂಧನೂರಿನ ಮಹಾದೇವಿ ಟೀಚರ್
ನವಿಲುಬಣ್ಣದ ಕ್ರೇಪು ಮೆಚ್ಚಿದರು.
"ತೂತು ಯಾಕ್ರೀ ಅಲ್ಲಿ? ಅಲ್ಲಿ ಯಾರು ಪಿನ್ ಹಾಕ್ತಾರ?"
ಬರೆದೆ: ನಮ್ಮಲ್ಲಿ ಕೊಡವ ಹೆಂಗಸರು
ನಿರಿಗೆಯನ್ನು ಬೆನ್ನ ಕಡೆ ಸಿಕ್ಕಿಸುತ್ತಾರೆ,
ಸೆರಗು ಎಡ ಕಂಕುಳ ಕೆಳಗಿಂದ ಎದೆ ಬಳಸಿ
ಬಲ ಭುಜಕ್ಕೆ ಏರುತ್ತದೆ, ಅಲ್ಲಿ ಪಿನ್ನು.
ನಾನು ಹಾಗೆ ಉಡುವವಳಲ್ಲ, ಉಡಿಸುವುದನ್ನು ನೋಡಿದ್ದೇನೆ,
ಮದುವೆ ಮನೆಗೆ ಬ್ಲೌಸ್ ತಲುಪಿಸಿ
ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಂತು.
ಹೀಗೆ ಹದಿನಾಲ್ಕು ಸಾಲು ಬರೆದೆ.
ಉತ್ತರ ಬಂತು: "ಹೌದಾ. ಹಂಗಾರ ಐವತ್ತು ಕಮ್ಮಿ ಮಾಡ್ರಿ."

ಮಾಡಿದೆ. ಇಸ್ತ್ರಿಗೆ ಮಣಿಯದ ಹಳೆಯ ಗೆರೆಗಳ ಮೇಲೇ
ಮಡಿಸಿದೆ, ಹೊಸ ಮಡಿಕೆ ಯಾಕೆ ಎಂದು.
ಕೊರಿಯರ್ ಹುಡುಗ ಸಜೀಶ ಅಂಗೈಯಲ್ಲಿ ತೂಗಿ,
"ಏನಿಲ್ಲ ಅಕ್ಕ, ಮುನ್ನೂರು ಗ್ರಾಮು," ಎಂದು
ಬೈಕಿನ ಚೀಲಕ್ಕೆ ತುರುಕಿದ.

ಫೋಟೋದ ಮೇಲೆ "ಮಾರಾಟವಾಗಿದೆ" ಎಂದು ಹಾಕಿದ ರಾತ್ರಿ,
ಹನ್ನೊಂದೂ ನಲವತ್ತಕ್ಕೆ, ಚೋಂದಮ್ಮ.
ಅವರು ನನ್ನ ಪುಟ ನೋಡುತ್ತಾರೆಂದೇ ಗೊತ್ತಿರಲಿಲ್ಲ.

"ಯಾವ ಊರು?"
"ಸಿಂಧನೂರು."
"ಅಲ್ಲಿ ಸೆಕೆಯಾ?"
"ತುಂಬಾ."

ಬರೆಯುತ್ತಿದ್ದಾರೆ, ಎಂದಿತು ಫೋನು. ನಿಂತಿತು.
ಮತ್ತೆ ಬರೆಯುತ್ತಿದ್ದಾರೆ.
ಮಂಡಿಯ ಕಾವಲುಗಾರ ಕೆಮ್ಮಿ ಮಗ್ಗುಲು ಬದಲಿಸಿದ.

"ನೆರಳಲ್ಲಿ ಒಣಗಿಸೋಕೆ ಹೇಳು."